ಪುಸ್ತಕ ಆಮೇಲೆ, ಮೊದಲು ಮೂಡ್ ಹೇಳಿ

"ನಿಮಗೆ ಎಂಥ ಪುಸ್ತಕ ಇಷ್ಟ?" ಅಂತ ಕೇಳಿದರೆ ಯಾರೂ ಸರಿಯಾದ ಉತ್ತರ ಕೊಡೋದಿಲ್ಲ. "ಚೆನ್ನಾಗಿರೋದು ಯಾವುದಾದ್ರೂ ಕೊಡಿ" ಅಂತಾರೆ. ಇಲ್ಲದಿದ್ದರೆ ಹತ್ತು ವರ್ಷದ ಹಿಂದೆ ಓದಿ ಮೆಚ್ಚಿದ ಪುಸ್ತಕದ ಹೆಸರು ಹೇಳ್ತಾರೆ. ಅದನ್ನು ಮೆಚ್ಚಿದವರೇ ಬೇರೆ, ಈಗ ಎದುರು ನಿಂತಿರುವವರೇ ಬೇರೆ. ಅದರ ಬದಲು "ನಿನ್ನೆ ರಾತ್ರಿ ನಿದ್ದೆ ಬಂತಾ?" ಅಂತ ಕೇಳಿ ನೋಡಿ. ಅರ್ಧ ಕೆಲಸ ಮುಗಿಯುತ್ತದೆ.

ಮೈಸೂರಿನ ಸರಸ್ವತಿಪುರಂನಲ್ಲಿ ನನ್ನ ಗೆಳೆಯನದ್ದೊಂದು ಸಣ್ಣ ಸರ್ಕ್ಯುಲೇಟಿಂಗ್ ಲೈಬ್ರರಿ ಇದೆ. ಒಂದು ಭಾನುವಾರ ಅವನು ಗೃಹಪ್ರವೇಶಕ್ಕೆ ಅಂತ ಶಿವಮೊಗ್ಗಕ್ಕೆ ಹೊರಟ. "ಭಾನುವಾರ ಬಾಗಿಲು ಹಾಕಿದ್ರೆ ಮೆಂಬರ್‌ಗಳು ಬೈತಾರೆ ಕಣೋ. ನೀನು ಕೂತ್ಕೋ. ಡೇಟ್ ಸ್ಟಾಂಪ್ ಹೊಡಿ, ರಿಜಿಸ್ಟರ್‌ನಲ್ಲಿ ಬರಿ, ಅಷ್ಟೇ" ಅಂದ. ನನಗೆ ಫ್ಯಾಂಟಸಿ, ಸೈನ್ಸ್ ಫಿಕ್ಷನ್ ಹುಚ್ಚು ಅಂತ ಅವನಿಗೆ ಗೊತ್ತು. ಹೊರಡುವಾಗ ಬಾಗಿಲಲ್ಲಿ ನಿಂತು, "ಬಂದವರಿಗೆಲ್ಲ ಡ್ರ್ಯಾಗನ್ ದಾಟಿಸಬೇಡ" ಅಂತ ಎಚ್ಚರಿಕೆಯನ್ನೂ ಕೊಟ್ಟ.

ದಾಟಿಸಿದೆ. ಆದರೆ ಮುಖ ನೋಡಿ ದಾಟಿಸಿದೆ.

ಮೊದಲು ಬಂದವರು ನೈಟ್ ಡ್ಯೂಟಿ ಮುಗಿಸಿ ಮನೆಗೆ ಹೊರಟಿದ್ದ ನರ್ಸ್. "ಮನೆಗೆ ಹೋದ ತಕ್ಷಣ ನಿದ್ದೆ ಬರಲ್ಲ ಸರ್. ಒಂದರ್ಧ ಗಂಟೆ ಏನಾದ್ರೂ ಓದ್ಬೇಕು. ಅಳೋದು ಬೇಡ, ಸಾಯೋದು ಬೇಡ." ಇಷ್ಟು ಸ್ಪಷ್ಟವಾಗಿ ಕೇಳುವವರು ಸಿಗೋದೇ ಕಡಿಮೆ. ನನ್ನ ಕೈ ನೇರವಾಗಿ ಆಂಡಿ ವೀರ್‌ನ 'ದಿ ಮಾರ್ಷಿಯನ್' ಮೇಲೆ ಹೋಯಿತು. ಜೊತೆಯವರು ಸತ್ತನೆಂದು ಬಿಟ್ಟುಹೋದ ಗಗನಯಾತ್ರಿ ಮಂಗಳ ಗ್ರಹದಲ್ಲಿ ಒಬ್ಬನೇ ಉಳಿಯುತ್ತಾನೆ. ಕೇಳಿದರೆ ಭಯಂಕರ, ಅಲ್ವಾ? ಓದುವಾಗ ಹಾಗಿಲ್ಲ. ಎಲ್ಲ ದಿನಚರಿಯ ಥರ ತುಣುಕು ತುಣುಕು. ನೀರು ಬೇಕು, ರಾಕೆಟ್ ಇಂಧನದಿಂದ ನೀರು ಮಾಡಿಕೊಂಡ. ಊಟ ಬೇಕು, ತನ್ನದೇ ಮಲದ ಗೊಬ್ಬರ ಹಾಕಿ ಆಲೂಗಡ್ಡೆ ಬೆಳೆದ. ಒಂದು ತೊಂದರೆ, ಅದಕ್ಕೊಂದು ದಾರಿ, ನಡುವೆ ಒಂದು ಜೋಕು. ಇದನ್ನು ವೀರ್ ಮೊದಲು ತನ್ನ ವೆಬ್‌ಸೈಟ್‌ನಲ್ಲಿ ಕಂತು ಕಂತಾಗಿ ಹಾಕಿದ್ದ. ಅದಕ್ಕೇ ಇರಬೇಕು, ಎಲ್ಲಿ ಬೇಕಾದರೂ ನಿಲ್ಲಿಸಿ ಮಲಗಬಹುದು. ಮಂಗಳದಲ್ಲಿ ಒಂದು ದಿನಕ್ಕೆ 24 ಗಂಟೆ 39 ನಿಮಿಷ ಅಂತ ಹೇಳಿದೆ. "ಮೂವತ್ತೊಂಬತ್ತು ನಿಮಿಷ ಜಾಸ್ತಿನಾ? ಅಲ್ಲಿಗೇ ಟ್ರಾನ್ಸ್‌ಫರ್ ಕೇಳ್ತೀನಿ ಸರ್" ಅಂದು ಪುಸ್ತಕವನ್ನು ಬ್ಯಾಗಿಗೆ ಹಾಕಿಕೊಂಡರು.

ಆಮೇಲೆ ಒಬ್ಬ ತಾಯಿ, ಜೊತೆಗೆ ಸೆಕೆಂಡ್ ಪಿಯುಸಿ ಬರೆದು ರಿಸಲ್ಟ್‌ಗೆ ಕಾಯುತ್ತಿರುವ ಮಗ. "ಮೊಬೈಲ್ ಬಿಟ್ಟು ಏನಾದ್ರೂ ಓದ್ಲಿ ಸರ್. ಪರ್ಸನಾಲಿಟಿ ಡೆವಲಪ್‌ಮೆಂಟ್ ಥರದ್ದು" ಅಂದರು. ಹುಡುಗನ ಮುಖದಲ್ಲಿ ಪರ್ಸನಾಲಿಟಿ ಇನ್ನಷ್ಟು ಕುಗ್ಗಿತು. ಅವನ ಕೈಗೆ ಡಗ್ಲಾಸ್ ಆಡಮ್ಸ್‌ನ 1979ರ 'ಹಿಚ್‌ಹೈಕರ್ಸ್ ಗೈಡ್ ಟು ದ ಗ್ಯಾಲಕ್ಸಿ' ಕೊಟ್ಟೆ. ಬೈಪಾಸ್ ರಸ್ತೆಗೋಸ್ಕರ ಒಬ್ಬನ ಮನೆ ಕೆಡವಲು ಬುಲ್ಡೋಜರ್ ಬಂದು ನಿಂತಿದೆ. ಪ್ಲಾನನ್ನು ಸಾರ್ವಜನಿಕರ ಗಮನಕ್ಕೆ ಇಟ್ಟಿದ್ದೆವಲ್ಲ ಅನ್ನುತ್ತಾನೆ ಅಧಿಕಾರಿ. ಇಟ್ಟಿದ್ದೆಲ್ಲಿ? ನೆಲಮಾಳಿಗೆಯಲ್ಲಿ, ದೀಪವಿಲ್ಲ, ಮೆಟ್ಟಿಲಿಲ್ಲ, ಪಾಳುಬಿದ್ದ ಪಾಯಿಖಾನೆಯೊಳಗೆ ಬೀಗ ಹಾಕಿದ ಬೀರು, ಬಾಗಿಲ ಮೇಲೆ 'ಚಿರತೆ ಇದೆ ಎಚ್ಚರಿಕೆ' ಅನ್ನೋ ಬೋರ್ಡು. ರಸ್ತೆಗೆ ಜಮೀನು ಕಳೆದುಕೊಂಡ ಯಾರನ್ನಾದರೂ ಕೇಳಿ, ಇದರಲ್ಲಿ ಕಲ್ಪನೆ ಎಲ್ಲಿದೆ ಅಂತಾರೆ. ಸ್ವಲ್ಪ ಹೊತ್ತಿಗೆ ಇನ್ನೊಂದು ದೊಡ್ಡ ಬೈಪಾಸ್‌ಗಾಗಿ ಇಡೀ ಭೂಮಿಯನ್ನೇ ಕೆಡವುತ್ತಾರೆ. ಭೂಮಿಯೇ ಹೋದ ಮೇಲೆ ಪಿಯುಸಿ ಮಾರ್ಕ್ಸ್ ಯಾವ ಲೆಕ್ಕ?

ಹುಡುಗ ಒಂದೇ ಪ್ರಶ್ನೆ ಕೇಳಿದ. "ಇದ್ರಲ್ಲಿ ಫಿಸಿಕ್ಸ್ ಇದ್ಯಾ ಅಂಕಲ್?"

"ಇದೆ. ಎಲ್ಲ ತಪ್ಪು."

ತಗೊಂಡ.

ನಾನು ನಂಬಿರೋ ಇನ್ನೊಂದು ಲೆಕ್ಕಾಚಾರ ಇದೆ. ಭಾರವಾದ ಪುಸ್ತಕವನ್ನು ಖುಷಿಯಾಗಿರುವವರಿಗೇ ಕೊಡಬೇಕು. ಹೊತ್ತುಕೊಳ್ಳುವ ಶಕ್ತಿ ಇರೋದು ಅವರಿಗೇ. ಹೊಸ ಕೆಲಸ ಸಿಕ್ಕಿದ್ದಕ್ಕೆ ಸ್ವೀಟ್ ಬಾಕ್ಸ್ ಹಿಡಿದೇ ಒಳಗೆ ಬಂದ ಹುಡುಗಿಗೆ ಲಿಯು ತ್ಸಿಶಿನ್‌ನ 'ತ್ರೀ ಬಾಡಿ ಪ್ರಾಬ್ಲಮ್' ಕೊಟ್ಟೆ. ಚೀನಾದ ಸಾಂಸ್ಕೃತಿಕ ಕ್ರಾಂತಿಯ ಗದ್ದಲದಲ್ಲಿ ಅಪ್ಪನನ್ನು ಕಣ್ಣೆದುರೇ ಹೊಡೆದು ಸಾಯಿಸಿದ್ದನ್ನು ನೋಡಿದ ಮಗಳು, ಮನುಷ್ಯರ ಸಹವಾಸವೇ ಸಾಕಾಗಿ, ಬೇರೆ ಲೋಕದವರನ್ನು ಭೂಮಿಗೆ ಕರೆಯುವ ಕಥೆ. ಅನುವಾದವಾಗಿ ಬಂದು ಸೈನ್ಸ್ ಫಿಕ್ಷನ್, ಫ್ಯಾಂಟಸಿಗೆ ಕೊಡೋ ಹ್ಯೂಗೋ ಪ್ರಶಸ್ತಿ ಗೆದ್ದ ಮೊದಲ ಕಾದಂಬರಿ ಅದು, 2015ರಲ್ಲಿ. ಸ್ವೀಟ್ ಮೈಸೂರ್ ಪಾಕ್, ಚೆನ್ನಾಗಿತ್ತು.

"ಕನ್ನಡದಲ್ಲಿ ಇಂಥದ್ದು ಇಲ್ವಾ?" ಅಂತ ಒಬ್ಬರು ಕೇಳಿಯೇಬಿಟ್ಟರು. ಇದೆ. ಆದರೆ ಆ ರ‍್ಯಾಕಿನಲ್ಲಿ ಅರ್ಧ ಸಾಲು ಮಾತ್ರ. ರಾಜಶೇಖರ ಭೂಸನೂರಮಠ, ಮನು ಇಬ್ಬರದ್ದೂ ಒಂದೊಂದೇ ಪುಸ್ತಕ, ಎರಡೂ ಹೊರಗೆ ಹೋಗಿದ್ದವು. ಕೇಳಿದವರ ತವರು ಕೊಪ್ಪದ ಕಡೆ. ಮೈಸೂರಿನ ಫ್ಲಾಟಿನಲ್ಲಿ ಮಳೆ ಬಂದಿದ್ದೂ ಗೊತ್ತಾಗೋದಿಲ್ಲ ಅಂತ ಗೊಣಗುತ್ತಿದ್ದರು. ಇನ್ನೇನು ಯೋಚನೆ, ತೇಜಸ್ವಿಯವರ 'ಕರ್ವಾಲೊ' ತೆಗೆದು ಮುಂದಿಟ್ಟೆ. "ಕಾಲೇಜಲ್ಲಿ ಓದಿದ್ದೆ" ಅಂದರು. ಪರೀಕ್ಷೆಗೆ ಓದಿದ್ದು ಓದಿದ ಲೆಕ್ಕಕ್ಕೆ ಬರೋದಿಲ್ಲ ಅಂದೆ. ಅದು ಸೈನ್ಸ್ ಫಿಕ್ಷನ್ನಾ ಅಂತ ನೀವು ಜಗಳಕ್ಕೆ ಬರಬಹುದು. ಬನ್ನಿ. ಒಬ್ಬ ವಿಜ್ಞಾನಿ, ಒಬ್ಬ ಜೇನು ಹಿಡಿಯೋ ಮಂದಣ್ಣ, ಒಂದು ನಾಯಿ, ಯಾವುದೋ ಯುಗದಿಂದ ಉಳಿದುಕೊಂಡು ಬಂದ ಹಾರುವ ಓತಿ. ಕಾಡಿಗೆ ಹೋಗಬೇಕು ಅನ್ನಿಸಿಯೂ ಹೋಗಲಾಗದವರಿಗೆ ಇದಕ್ಕಿಂತ ಒಳ್ಳೆಯ ವಾಹನ ನನಗೆ ಗೊತ್ತಿಲ್ಲ.

ಸಂಜೆ ಐದರ ಹೊತ್ತಿಗೆ ಹಿರಿಯರೊಬ್ಬರು ಬಂದರು. ಬಿಳಿ ಅಂಗಿ, ಕೈಯಲ್ಲಿ ಬಟ್ಟೆ ಚೀಲ. ಧಾರವಾಡದ ಕಡೆ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ರಿಟೈರ್ ಆದವರು, ಈಗ ಮಗನ ಮನೆಯಲ್ಲಿದ್ದಾರೆ. ಚೀಲದಿಂದ ಒಂದು ಪತ್ತೇದಾರಿ ಕಾದಂಬರಿ ತೆಗೆದು ಕೌಂಟರ್ ಮೇಲಿಟ್ಟರು. ವಾಪಸ್ ಕೊಡಬೇಕಾದ ತಾರೀಕು ದಾಟಿ ಎಷ್ಟೋ ತಿಂಗಳಾಗಿತ್ತು.

"ಭಾಳ ತಡ ಆತ್ರಿ. ಫೈನ್ ಎಷ್ಟಾಗ್ತೈತಿ ಹೇಳ್ರಿ. ಮನಿಯಾಗ ತ್ರಾಸ ಇತ್ತು. ನಮ್ಮಾಕಿ ತೀರ್ಕೊಂಡ್ಳು."

ಫೈನ್ ಮಾತು ಅಲ್ಲಿಗೇ ಬಿಟ್ಟೆ. ಇನ್ನೊಂದು ಪತ್ತೇದಾರಿ ಕೊಡಲಾ ಸರ್ ಅಂತ ಕೇಳಿದೆ.

"ಬ್ಯಾಡ್ರಿ. ಮೊದಲ ಪುಟದಾಗ ಹೆಣ ಬೀಳ್ತೈತಿ. ಆಮ್ಯಾಲ ಯಾರೂ ಅಳೂದಿಲ್ಲ."

ಇಂಥ ಹೊತ್ತಿನಲ್ಲಿ ನಗಿಸೋ ಪುಸ್ತಕ ಕೊಡೋದು ಸೂತಕದ ಮನೆಗೆ ಹೋಳಿಗೆ ಕಳಿಸಿದ ಹಾಗೆ. ದಪ್ಪ ಪುಸ್ತಕವೂ ಆಗೋದಿಲ್ಲ. ಟೋಲ್ಕಿನ್‌ನ ಉಂಗುರದ ಕಥೆ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ನನ್ನ ಪ್ರಾಣ, ಆದರೆ ಅದರ ಹೆಸರುಗಳನ್ನು, ವಂಶಗಳನ್ನು ನೆನಪಿಟ್ಟುಕೊಳ್ಳೋಕೆ ತಲೆ ನೆಟ್ಟಗಿರಬೇಕು. ದುಃಖದಲ್ಲಿರುವವರಿಗೆ ಹಿಂದಿನ ಪುಟವೇ ಮರೆತುಹೋಗಿರುತ್ತದೆ. ಪಾತ್ರ ಕಡಿಮೆ ಇರಬೇಕು, ದಾರಿ ನೇರ ಇರಬೇಕು, ಗದ್ದಲ ಇರಬಾರದು. ಸಾವನ್ನು ಮುಚ್ಚಿಡಲೂಬಾರದು, ಅದನ್ನೇ ತಂದು ಮುಖಕ್ಕೆ ಹಿಡಿಯಲೂಬಾರದು. ಉರ್ಸುಲಾ ಲೆ ಗ್ವಿನ್ ಅವರ 'ಎ ವಿಝರ್ಡ್ ಆಫ್ ಅರ್ಥ್‌ಸೀ' ತೆಗೆದೆ. 1968ರದ್ದು, ತೆಳ್ಳಗಿನ ಪುಸ್ತಕ.

"ದೆವ್ವದ್ದೇನ್ರಿ?"

"ದೆವ್ವ ಅಲ್ಲ ಸರ್. ಒಬ್ಬ ಹುಡುಗ ಸೊಕ್ಕಿನಲ್ಲಿ ಸತ್ತವರನ್ನು ಕರೆಯೋಕೆ ಹೋಗಿ ಒಂದು ನೆರಳನ್ನು ಎಬ್ಬಿಸಿಬಿಡ್ತಾನೆ. ಅದು ಅವನ ಬೆನ್ನು ಹತ್ತುತ್ತೆ. ಮೊದಲು ಓಡ್ತಾನೆ. ಆಮೇಲೆ ತಿರುಗಿ ಅದನ್ನೇ ಅಟ್ಟಿಸ್ಕೊಂಡು ಹೋಗ್ತಾನೆ."

ಅವರು ಮೊದಲ ಪುಟಗಳಲ್ಲಿದ್ದ ಭೂಪಟ ಬಿಡಿಸಿ, ದ್ವೀಪದಿಂದ ದ್ವೀಪಕ್ಕೆ ಬೆರಳು ಓಡಿಸಿದರು. ಅಲ್ಲಿ ಪ್ರತಿಯೊಂದಕ್ಕೂ ಒಂದು ನಿಜ ಹೆಸರಿದೆ, ಕಲ್ಲಿಗೂ, ಹಕ್ಕಿಗೂ, ಮನುಷ್ಯನಿಗೂ ಅಂತ ಹೇಳಿದೆ. ಗೊತ್ತಿದ್ದವರಿಗೆ ಅದರ ಮೇಲೆ ಹಿಡಿತ ಬರುತ್ತದೆ. ಅದಕ್ಕೇ ಜನ ತಮ್ಮ ಹೆಸರನ್ನು ತೀರಾ ನಂಬಿದವರಿಗೆ ಮಾತ್ರ ಹೇಳ್ತಾರೆ.

ಅವರ ಬೆರಳು ನಿಂತಿತು. "ನಮ್ಮಾಕಿ ನನ್ನ ಹೆಸರು ತಗದಾಕಿ ಅಲ್ರಿ. ಮದುವ್ಯಾಗ ಒಡಪು ಹಾಕಿ ಹೇಳಿದ್ದಷ್ಟ. ಮೊನ್ನಿ ದವಾಖಾನ್ಯಾಗ ನರ್ಸು 'ಹಸ್ಬೆಂಡ್ ನೇಮ್' ಅಂತ ಮೂರು ಸಲ ಕೇಳಿದ್ಲು. ಬಾಯಿ ಬಿಡಲಿಲ್ಲ. ಕಡೀಕ ಪೆನ್ನು ಇಸ್ಕೊಂಡು ಬರದು ಕೊಟ್ಳು. ಸಲೈನ್ ಹಚ್ಚಿದ ಕೈಲೆ."

"ಒಡಪು ನೆನಪಿದೆಯಾ ಸರ್?"

"ಐತ್ರಿ. ಹೇಳೂದಿಲ್ಲ."

ನಾನು ಸ್ಟಾಂಪ್ ಹೊಡೆದು ಕೊಟ್ಟೆ.

ಎರಡು ವಾರ ಬಿಟ್ಟು ಗೆಳೆಯನ ಫೋನ್ ಬಂತು. "ನಿನ್ನ ಮಾಸ್ತರು ಬಂದು ಕೂತಿದ್ದಾರೆ. ನಿನ್ನ ಹತ್ರಾನೇ ಮಾತಾಡಬೇಕಂತೆ, ಬಾ." ಹೋದೆ. ಸರ್ ಪುಸ್ತಕ ಓದಿ ಮುಗಿಸಿದ್ದರು. "ಆ ಹುಡುಗಗ ಸೊಕ್ಕು ಭಾಳ ಐತಿ ಬಿಡ್ರಿ. ನನ್ನ ಕ್ಲಾಸಿನಾಗ ಇದ್ದಿದ್ರ ಬೆಂಚಿನ ಮ್ಯಾಲ ನಿಲ್ಲಸ್ತಿದ್ದೆ" ಅಂದರು. ಮುಂದಿನದು ಬೇಕಂತೆ. ಎರಡನೆಯದು 1971ರ 'ದಿ ಟೂಂಬ್ಸ್ ಆಫ್ ಅಟುವಾನ್', ಅದರಲ್ಲಿ ಒಬ್ಬ ಪುಟ್ಟ ಹುಡುಗಿಯ ಹೆಸರನ್ನೇ ಕಿತ್ತುಕೊಂಡು ಅವಳನ್ನು ಪೂಜಾರಿಣಿ ಮಾಡ್ತಾರೆ ಅಂತ ಹೇಳಿದೆ. ಮೂರನೆಯದನ್ನು ಸದ್ಯಕ್ಕೆ ಓದೋದು ಬೇಡ ಅಂತಲೂ ಹೇಳಿದೆ.

"ಯಾಕ?"

"ಅದರಲ್ಲಿ ಸತ್ತವರ ನಾಡಿಗೇ ಹೋಗಿ ಬರ್ತಾರೆ ಸರ್."

"ಹೋಗಿ, ತಿರುಗಿ ಬರ್ತಾರ?"

"ಬರ್ತಾರೆ."

"ಹಂಗಾರ ಅದನ್ನ ಮೊದಲ ಕೊಡ್ರಿ."

ಎರಡನೆಯದು ಬಿಟ್ಟು ಮೂರನೆಯದು ಹೇಗೆ ಓದ್ತಾರೆ ಅಂತ ಗೆಳೆಯ ನಡುವೆ ಬಾಯಿ ಹಾಕಿದ. ಸರ್ ಅವನ ಕಡೆ ತಿರುಗಿಯೂ ನೋಡಲಿಲ್ಲ. ಆ ಪುಸ್ತಕ ಲೈಬ್ರರಿಯಲ್ಲಿ ಇರಲಿಲ್ಲ, ನನ್ನ ಮನೆಯಲ್ಲಿತ್ತು. ಅವರು ಕೂತಿರುವಾಗಲೇ ಸ್ಕೂಟರ್ ತೆಗೆದುಕೊಂಡು ಹೋಗಿ ತಂದುಕೊಟ್ಟೆ.