ಪಾರ್ಟಿಷನ್‌ಗೆ ಕೈಹಾಕುವ ಮುನ್ನ: ಒಂದು ಹಳೆಯ ಡಿಸ್ಕಿನ ಕೆಲಸದ ದಿನಚರಿ

ಗುರುವಾರ ರಾತ್ರಿ

ಹಳೆಯ ಡೆಸ್ಕ್‌ಟಾಪ್‌ನ 1 ಟಿಬಿ ಹಾರ್ಡ್ ಡಿಸ್ಕಿನಲ್ಲಿ ಲಿನಕ್ಸ್ ಪಾರ್ಟಿಷನ್ (ಡಿಸ್ಕನ್ನು ಹಂಚಿ ಮಾಡಿದ ಪ್ರತ್ಯೇಕ ಭಾಗ) ತುಂಬಿಹೋಗಿದೆ. ಅದಕ್ಕೆ ಕೊಟ್ಟಿದ್ದು 40 ಜಿಬಿ. ಪಕ್ಕದಲ್ಲೇ ಫೋಟೋ, ದಾಖಲೆಗಳಿರುವ 630 ಜಿಬಿಯ ಪಾರ್ಟಿಷನ್, ಅದರಲ್ಲಿ ಅರ್ಧ ಖಾಲಿ. ನಡುವಿನ ಗೋಡೆಯನ್ನು ಒಂದಿಷ್ಟು ಸರಿಸಿದರೆ ಮುಗಿಯಿತು ಎನ್ನಿಸುತ್ತದೆ. ಆದರೆ ಅವು ಡಿಸ್ಕಿನ ಮೇಲೆ ಕುಳಿತಿರುವ ಕ್ರಮವೇ ತೊಡಕು. ಮೊದಲು ವಿಂಡೋಸ್‌ನ ಸಣ್ಣ ಬೂಟ್ ಪಾರ್ಟಿಷನ್, ಆಮೇಲೆ ವಿಂಡೋಸ್, ನಂತರ ದಾಖಲೆಗಳು, ಕೊನೆಯಲ್ಲಿ ಬೇರೆ ಪಾರ್ಟಿಷನ್‌ಗಳನ್ನು ಒಳಗಿಟ್ಟುಕೊಳ್ಳುವ ಎಕ್ಸ್‌ಟೆಂಡೆಡ್ ಪಾರ್ಟಿಷನ್, ಅದರೊಳಗೆ ಲಿನಕ್ಸ್ ಮತ್ತು ರ‍್ಯಾಮ್ ಸಾಲದಾದಾಗ ಬಳಕೆಯಾಗುವ ಸ್ವಾಪ್. ಲಿನಕ್ಸ್‌ಗೆ ಜಾಗ ಸಿಗುವುದಿದ್ದರೆ ಎಡಗಡೆಯಿಂದ ಮಾತ್ರ. ಪಾರ್ಟಿಷನ್‌ನ ಕೊನೆಯನ್ನು ಮುಂದಕ್ಕೆ ಚಾಚುವುದು ಕೆಲವೇ ಕ್ಷಣಗಳ ಕೆಲಸ. ಆರಂಭವನ್ನು ಹಿಂದಕ್ಕೆ ತರಬೇಕೆಂದರೆ ಒಳಗಿರುವುದನ್ನೆಲ್ಲ ಬ್ಲಾಕ್ ಬ್ಲಾಕಾಗಿ ಹೊಸ ಸ್ಥಳಕ್ಕೆ ಬರೆಯಬೇಕು. ಪಾರ್ಟಿಷನ್ ತಿದ್ದುವ ತಂತ್ರಾಂಶ ಜಿಪಾರ್ಟೆಡ್ ಇದನ್ನು ಮಾಡುತ್ತದೆ, ಆದರೆ ನಡುವೆ ವಿದ್ಯುತ್ ಹೋದರೆ ಅರ್ಧ ಅಲ್ಲಿ, ಅರ್ಧ ಇಲ್ಲಿ.

ಹಾಗಾಗಿ ಬ್ಯಾಕಪ್ ಮೊದಲು. ಅದಕ್ಕೂ ಮೊದಲು ಡಿಸ್ಕಿನ ಆರೋಗ್ಯ. ಬ್ಯಾಕಪ್ ಎಂದರೆ ನೂರಾರು ಜಿಬಿ ಒಂದೇ ಸಮನೆ ಓದಿಸುವುದು. ಬಳಲಿದ ಡಿಸ್ಕಿಗೆ ಅದೇ ಕೊನೆಯ ಪೆಟ್ಟಾಗಬಹುದು. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಸ್ಮಾರ್ಟ್ ವರದಿಯ ಹತ್ತಾರು ಸಾಲುಗಳಲ್ಲಿ ನಾನು ನೋಡುವುದು ಮುಖ್ಯವಾಗಿ ಮೂರನ್ನು. 5ನೇ ಸಂಖ್ಯೆಯ ಸಾಲು, ಕೆಟ್ಟು ಬದಲಿ ಜಾಗ ಪಡೆದ ಸೆಕ್ಟರ್‌ಗಳ (ಡಿಸ್ಕಿನ ಪುಟ್ಟ ತುಣುಕುಗಳ) ಲೆಕ್ಕ. 197, ಓದಲು ಸತಾಯಿಸಿ ತೀರ್ಮಾನಕ್ಕೆ ಕಾದಿರುವವು. 198, ಓದಲಾಗದೆ ಕೈಬಿಟ್ಟವು. ಈ ಡಿಸ್ಕಿನಲ್ಲಿ 5ರ ಎದುರು 8 ಇದೆ, ಉಳಿದೆರಡೂ ಸೊನ್ನೆ. ಹಳೆಯ ಟಿಪ್ಪಣಿಯಲ್ಲೂ 8 ಎಂದೇ ಇರುವುದರಿಂದ ಅದು ಬೆಳೆಯುತ್ತಿಲ್ಲ. 197 ಏರುತ್ತಿದ್ದರೆ ಪಾರ್ಟಿಷನ್ ಯೋಜನೆಯನ್ನೇ ಮಡಚಿಟ್ಟು ಡಿಡಿರೆಸ್ಕ್ಯೂ ಹಿಡಿಯುತ್ತಿದ್ದೆ. ಅದು ಸಲೀಸಾಗಿ ಸಿಗುವ ಭಾಗಗಳನ್ನು ಮೊದಲು ಎತ್ತಿಕೊಂಡು, ಮೊಂಡು ಭಾಗಗಳನ್ನು ಗುರುತು ಹಾಕಿಟ್ಟು ಆಮೇಲೆ ಬಂದು ನೋಡುತ್ತದೆ.

ಶುಕ್ರವಾರ

ಇವತ್ತು ಪಾರ್ಟಿಷನ್ ಪಟ್ಟಿಯ ನಕಲು. ಕೆಲವು ಕಿಲೋಬೈಟ್‌ಗಳ ಕೆಲಸ, ಆದರೂ ಬಹಳ ಜನ ಬಿಟ್ಟುಬಿಡುವುದು ಇದನ್ನೇ. ಈ ಡಿಸ್ಕಿನಲ್ಲಿರುವುದು ಹಳೆಯ ಎಂಬಿಆರ್ ಪದ್ಧತಿ. ಮೊದಲ ಸೆಕ್ಟರಿನ 512 ಬೈಟ್‌ಗಳಲ್ಲಿ 446 ಬೂಟ್ ಕೋಡ್‌ಗೆ, 64 ನಾಲ್ಕು ಪಾರ್ಟಿಷನ್‌ಗಳ ವಿವರಕ್ಕೆ, ಕೊನೆಯ 2 ಸಹಿಗೆ. ‘ಡಿಡಿಯಿಂದ (ಬೈಟ್‌ಗಳನ್ನು ಇದ್ದಂತೆಯೇ ನಕಲಿಸುವ ಆದೇಶ) ಮೊದಲ 512 ಬೈಟ್ ತೆಗೆದಿಟ್ಟುಕೊಳ್ಳಿ, ಸಾಕು’ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಸಾಲದು. ಎಕ್ಸ್‌ಟೆಂಡೆಡ್ ಪಾರ್ಟಿಷನ್‌ನ ಒಳಗಿರುವವುಗಳ ವಿವರ ಆ ಸೆಕ್ಟರಿನಲ್ಲಿ ಇರುವುದೇ ಇಲ್ಲ. ಒಂದರಿಂದ ಮತ್ತೊಂದಕ್ಕೆ ಕೊಂಡಿ ಹಾಕಿಕೊಂಡು ಡಿಸ್ಕಿನ ಬೇರೆ ಬೇರೆ ಕಡೆ ಹರಡಿರುತ್ತದೆ. ನನ್ನ ಲಿನಕ್ಸ್ ಇರುವುದು ಅಂಥ ಕಡೆಯೇ. ಎಸ್‌ಎಫ್‌ಡಿಸ್ಕ್ ಎಂಬ ಲಿನಕ್ಸ್ ಆದೇಶದ ಡಂಪ್ ಆಯ್ಕೆ ಈ ಕೊಂಡಿಗಳನ್ನೆಲ್ಲ ಹಿಡಿದು, ಪ್ರತಿ ಪಾರ್ಟಿಷನ್‌ನ ಆರಂಭ ಮತ್ತು ಅಳತೆಯನ್ನು ಸಾದಾ ಪಠ್ಯವಾಗಿ ಬರೆದುಕೊಡುತ್ತದೆ. ಅದನ್ನು ಪೆನ್‌ಡ್ರೈವ್‌ಗೆ ಹಾಕಿದೆ, ಕಾಗದದ ಮೇಲೂ ಮುದ್ರಿಸಿದೆ. ಸಂಖ್ಯೆಗಳು ಕೈಯಲ್ಲಿದ್ದರೆ ಹೋದ ಪಟ್ಟಿಯನ್ನು ಕೈಯಿಂದಲೇ ಮತ್ತೆ ಬರೆಯಬಹುದು.

ಎಂಬಿಆರ್ ನಂತರ ಬಂದ ಜಿಪಿಟಿ ಪದ್ಧತಿಯ ಡಿಸ್ಕ್ ಇರುವವರಿಗೆ ಈ ತಾಪತ್ರಯ ಕಡಿಮೆ. ಅಲ್ಲಿ ಪಟ್ಟಿಯ ಎರಡನೆಯ ಪ್ರತಿ ಡಿಸ್ಕಿನ ಕೊನೆಯಲ್ಲೇ ಇರುತ್ತದೆ. ನಾನೂ ಜಿಪಿಟಿಗೆ ಹೋಗಲೇ ಎಂದು ಯೋಚಿಸಿ ಬಿಟ್ಟೆ: ಈ ಮದರ್‌ಬೋರ್ಡಿನಲ್ಲಿ ಯಂತ್ರವನ್ನು ಎಬ್ಬಿಸುವುದು ಹಳೆಯ ಬಯಾಸ್, ವಿಂಡೋಸ್ ಜಿಪಿಟಿ ಡಿಸ್ಕಿನಿಂದ ಏಳುವುದು ಅದರ ಬದಲಿಗೆ ಬಂದ ಯುಇಎಫ್‌ಐ ಇದ್ದರೆ ಮಾತ್ರ.

ಶನಿವಾರ ಬೆಳಿಗ್ಗೆ

ಫೈಲ್‌ಗಳ ನಕಲು ಶುರು. ಅದಕ್ಕೆ ಮೊದಲು ವಿಂಡೋಸ್ ಪೂರ್ತಿ ಮುಚ್ಚಿರಬೇಕು. ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಚಾಲೂ ಇದ್ದರೆ ‘ಶಟ್ ಡೌನ್’ ಒತ್ತಿದರೂ ಯಂತ್ರ ಪೂರ್ತಿ ಮಲಗುವುದಿಲ್ಲ. ವಿಂಡೋಸ್ ಬಳಸುವ ಎನ್‌ಟಿಎಫ್‌ಎಸ್ ಫೈಲ್ ಸಿಸ್ಟಮ್‌ನ ಪಾರ್ಟಿಷನ್‌ಗಳು ಅರೆಬರೆ ತೆರೆದ ಸ್ಥಿತಿಯಲ್ಲೇ ಉಳಿಯುತ್ತವೆ. ಹೈಬರ್ನೇಷನ್ (ಯಂತ್ರದ ಸ್ಥಿತಿಯನ್ನು ಡಿಸ್ಕಿಗೆ ಬರೆದು ಮಲಗುವುದು) ನಿಲ್ಲಿಸಿದರೆ ಇದೂ ನಿಲ್ಲುತ್ತದೆ, ಹಲವು ಜಿಬಿಯ ಹೈಬರ್ನೇಷನ್ ಫೈಲ್ ಕೂಡ ಅಳಿಯುತ್ತದೆ. ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಈ ಯಂತ್ರದಲ್ಲಿಲ್ಲ. ಇದ್ದವರು ತಮ್ಮ 48 ಅಂಕಿಗಳ ರಿಕವರಿ ಕೀ ಎಲ್ಲಿದೆ ಎಂದು ನೋಡಿಕೊಳ್ಳದೆ ಒಂದು ಹೆಜ್ಜೆಯೂ ಮುಂದಿಡಬಾರದು.

ಬ್ಯಾಕಪ್‌ಗೆಂದು ಇಟ್ಟಿರುವುದು ಹೊರಗಿನ 2 ಟಿಬಿ ಡಿಸ್ಕ್. ಅದನ್ನು ಲಿನಕ್ಸ್‌ನ ಫೈಲ್ ಸಿಸ್ಟಮ್ ಆದ ಎಕ್ಸ್ಟ್4ಗೆ ಫಾರ್ಮ್ಯಾಟ್ ಮಾಡಿದೆ, ಲಿನಕ್ಸ್ ಫೈಲ್‌ಗಳ ಮಾಲೀಕತ್ವ ಮತ್ತು ಅನುಮತಿಗಳು ಹಾಗೇ ಉಳಿಯಲೆಂದು. ಫ್ಯಾಟ್32 ಆಗಿದ್ದರೆ 4 ಜಿಬಿ ದಾಟುವ ಒಂದು ಫೈಲನ್ನೂ ಅದು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ.

ಎಕ್ಸ್ಟ್4ನದೂ ಒಂದು ತಕರಾರು ಬಂತು. ಕೆಲವು ಲೇಖನಗಳ ಫೈಲ್‌ಗಳನ್ನು ನಕಲು ಮಾಡುವ ತಂತ್ರಾಂಶ ಆರ್‌ಸಿಂಕ್ ‘ಹೆಸರು ತೀರಾ ಉದ್ದ’ ಎಂದು ತಿರಸ್ಕರಿಸಿತು. ವಿಂಡೋಸ್‌ನಲ್ಲಿ ಆರಾಮಾಗಿದ್ದ ಹೆಸರುಗಳೇ ಅವು, ಎಲ್ಲವೂ ಕನ್ನಡದವು. ಎನ್‌ಟಿಎಫ್‌ಎಸ್ ಹೆಸರಿನ ಮಿತಿಯನ್ನು 255 ಸಂಕೇತಗಳೆಂದು ಎಣಿಸಿದರೆ ಎಕ್ಸ್ಟ್4 ಅದನ್ನು 255 ಬೈಟ್‌ಗಳೆಂದು ಎಣಿಸುತ್ತದೆ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ 3 ಬೈಟ್. ಒಂದು ಸಾಧಾರಣ ಒತ್ತಕ್ಷರಕ್ಕೇ 9. ಅಂದರೆ ಸುಮಾರು 85 ಸಂಕೇತಗಳಿಗೆ ಹೆಸರು ಮುಗಿಯಿತು. ಶೀರ್ಷಿಕೆಯನ್ನೇ ಫೈಲ್ ಹೆಸರಾಗಿ ಇಡುವ ಅಭ್ಯಾಸವಿರುವವರು ನಕಲಿನ ಕೊನೆಯಲ್ಲಿ ಬರುವ ದೋಷಗಳ ಪಟ್ಟಿಯನ್ನು ತಪ್ಪದೆ ಓದಬೇಕು. ‘ಮುಗಿಯಿತು’ ಎಂಬ ಒಂದು ಸಾಲನ್ನು ನೋಡಿ ಎದ್ದುಹೋದರೆ ಇಂಥವು ಸದ್ದಿಲ್ಲದೆ ಹಿಂದೆ ಉಳಿಯುತ್ತವೆ. ಹೆಸರುಗಳನ್ನು ಮೊಟಕುಗೊಳಿಸಿ ಮತ್ತೆ ಓಡಿಸಿದೆ. ಆರ್‌ಸಿಂಕ್ ಉಳಿದವನ್ನಷ್ಟೇ ತೆಗೆದುಕೊಂಡಿತು.

ಕಣ್ಣಿಗೆ ಬೀಳದವುಗಳೂ ಇವೆ. ಲಿನಕ್ಸ್‌ನಲ್ಲಿ ಚುಕ್ಕೆಯಿಂದ ಶುರುವಾಗುವ ಫೋಲ್ಡರ್‌ಗಳು, ವಿಂಡೋಸ್‌ನ ಆ್ಯಪ್‌ಡೇಟಾ, ಬ್ರೌಸರ್ ಪ್ರೊಫೈಲ್, ದೂರದ ಯಂತ್ರಗಳಿಗೆ ಲಾಗಿನ್ ಆಗಲು ಬೇಕಾದ ಎಸ್‌ಎಸ್‌ಎಚ್ ಕೀಗಳು. ದಾಖಲೆ ಮತ್ತು ಫೋಟೋ ಫೋಲ್ಡರ್‌ಗಳನ್ನಷ್ಟೇ ಎಳೆದು ಹಾಕಿಕೊಂಡರೆ ಇವು ಬರುವುದಿಲ್ಲ.

ವೇಗದ ಬಗ್ಗೆ ಒಂದು ಮಾತು. 310 ಜಿಬಿಯನ್ನು ಯುಎಸ್‌ಬಿ 2.0 ಕಿಂಡಿಯಿಂದ ಸೆಕೆಂಡಿಗೆ 35 ಎಂಬಿಯಂತೆ ದಾಟಿಸಲು ಎರಡೂವರೆ ಗಂಟೆ ಬೇಕು, ಯುಎಸ್‌ಬಿ 3.0ರಲ್ಲಿ 100 ಎಂಬಿ ಸಿಕ್ಕರೆ ಒಂದು ಗಂಟೆಯೊಳಗೆ. ಪೆಟ್ಟಿಗೆಯ ಹಿಂಬದಿಯ ನೀಲಿ ಕಿಂಡಿಯನ್ನು ಹುಡುಕಿ ಅದಕ್ಕೇ ಸಿಕ್ಕಿಸಿ.

ಶನಿವಾರ ಸಂಜೆ

ಕ್ಲೋನ್‌ಜಿಲ್ಲಾ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಇಡೀ ಡಿಸ್ಕಿನ ಇಮೇಜ್, ಅಂದರೆ ಇದ್ದಂತೆಯೇ ಮರಳಿ ಇಳಿಸಬಹುದಾದ ಪ್ರತಿ, ತೆಗೆದೆ. ಡಿಡಿಯಾದರೆ ಖಾಲಿ ಜಾಗವನ್ನೂ ಸೇರಿಸಿ 1 ಟಿಬಿ ಪೂರ್ತಿ ಓದುತ್ತದೆ. ಕ್ಲೋನ್‌ಜಿಲ್ಲಾ ಫೈಲ್ ಸಿಸ್ಟಮ್‌ ಅನ್ನು ಅರ್ಥಮಾಡಿಕೊಂಡು ಬಳಕೆಯಲ್ಲಿರುವ ಬ್ಲಾಕ್‌ಗಳನ್ನಷ್ಟೇ ತೆಗೆದು ಕುಗ್ಗಿಸಿಡುತ್ತದೆ. ಅಳಿಸಿಹೋದ ಫೈಲ್‌ಗಳನ್ನು ಮುಂದೆ ಹುಡುಕಬೇಕಾದವರಿಗೆ ಮಾತ್ರ ಡಿಡಿ ಮೇಲು.

ಆಮೇಲೆ ತಾಳೆ ನೋಡುವ ಕೆಲಸ. ಮೂಲದ ಪ್ರತಿ ಫೈಲಿನ ಎಸ್‌ಎಚ್‌ಎ-256 ಮೊತ್ತವನ್ನು (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ಬರೆಸಿಟ್ಟು, ನಕಲಿನ ಮೇಲೆ ಅದನ್ನೇ ಓಡಿಸಿದೆ. ಇದಕ್ಕೆ ಮೊದಲು ಹೊರಗಿನ ಡಿಸ್ಕನ್ನು ಕಳಚಿ ಮತ್ತೆ ಸಿಕ್ಕಿಸಬೇಕು. ಈಗಷ್ಟೇ ಬರೆದ ಫೈಲನ್ನು ಕಂಪ್ಯೂಟರ್ ರ‍್ಯಾಮ್‌ನಲ್ಲೇ ಇಟ್ಟುಕೊಂಡಿರುತ್ತದೆ. ಕಳಚದೆ ಪರೀಕ್ಷಿಸಿದರೆ ಅಲ್ಲಿಂದಲೇ ಓದಿ ‘ಸರಿ’ ಎಂದುಬಿಡಬಹುದು, ತಟ್ಟೆಯ ಮೇಲೆ ಏನು ಬಿದ್ದಿದೆ ಎಂಬುದು ಗೊತ್ತಾಗುವುದೇ ಇಲ್ಲ. ಹೋದ ಪುಟ್ಟ ಬಂದ ಪುಟ್ಟ ಎಂಬಂಥ ಪರೀಕ್ಷೆ ಅದು.

ಭಾನುವಾರ

ಇಮೇಜನ್ನು ಬೇರೊಂದು 1 ಟಿಬಿ ಡಿಸ್ಕಿಗೆ ನಿಜವಾಗಿ ಇಳಿಸಿ ನೋಡಿದೆ. ಕ್ಲೋನ್‌ಜಿಲ್ಲಾಕ್ಕೆ ಗುರಿಯ ಡಿಸ್ಕ್ ಮೂಲದಷ್ಟಾದರೂ ದೊಡ್ಡದಿರಬೇಕು, ಒಂದು ಸೆಕ್ಟರ್ ಕಡಿಮೆಯಾದರೂ ಕಿರಿಕಿರಿ. ಎರಡೂ ಬೇರೆ ಬೇರೆ ಕಂಪನಿಯವಾದರೂ 1,953,525,168 ಸೆಕ್ಟರ್‌ಗಳೇ. ತಯಾರಕರು ಈ ಲೆಕ್ಕವನ್ನು ಒಮ್ಮತದಿಂದ ಪಾಲಿಸುತ್ತಾರೆ. ಇಳಿಸಿದ ಮೇಲೆ ಮೂಲ ಡಿಸ್ಕಿನ ಕೇಬಲ್ ಕಿತ್ತೇ ಬೂಟ್ ಮಾಡಿದೆ. ಎರಡಕ್ಕೂ ಒಂದೇ ಯುಯುಐಡಿ (ಪಾರ್ಟಿಷನ್‌ನ ಗುರುತಿನ ಸಂಖ್ಯೆ), ಒಂದೇ ಡಿಸ್ಕ್ ಸಹಿ. ಒಟ್ಟಿಗಿದ್ದರೆ ಲಿನಕ್ಸ್ ಯಾವುದನ್ನು ಹಿಡಿಯುತ್ತದೋ ಹೇಳಲಾಗದು, ವಿಂಡೋಸ್ ಎರಡರಲ್ಲಿ ಒಂದನ್ನು ಆಫ್‌ಲೈನ್ ಮಾಡಿಬಿಡುತ್ತದೆ. ಎರಡೂ ವ್ಯವಸ್ಥೆಗಳು ಎದ್ದವು.

ಯೋಜನೆ ಬದಲಾಗಿದ್ದು ಇಲ್ಲಿ. ಇಷ್ಟೆಲ್ಲ ಕೈಯಲ್ಲಿರುವಾಗ ಲಿನಕ್ಸ್‌ನ ಆರಂಭವನ್ನು ಬ್ಲಾಕ್ ಬ್ಲಾಕಾಗಿ ಹಿಂದಕ್ಕೆ ತಳ್ಳುವ ಅಪಾಯದ ಕೆಲಸ ಯಾಕೆ? ವಿಂಡೋಸ್‌ನ ಎರಡು ಪಾರ್ಟಿಷನ್‌ಗಳನ್ನು ಮುಟ್ಟದೆ, ಉಳಿದದ್ದನ್ನೆಲ್ಲ ಅಳಿಸಿ ಹೊಸದಾಗಿ ಹಂಚಿ, ಫೈಲ್‌ಗಳನ್ನು ವಾಪಸ್ ಹಾಕಿದರಾಯಿತು. ಇದಕ್ಕೆ ಇಮೇಜ್ ಪ್ರಯೋಜನವಿಲ್ಲ: 630 ಜಿಬಿ ಪಾರ್ಟಿಷನ್‌ನ ಇಮೇಜ್ ಅದಕ್ಕಿಂತ ಸಣ್ಣದಕ್ಕೆ ಇಳಿಯುವುದಿಲ್ಲ, ಒಳಗೆ ಅರ್ಧ ಖಾಲಿಯಿದ್ದರೂ ಸರಿಯೇ. ಇಮೇಜ್ ಇರುವುದು ಇದ್ದಂತೆಯೇ ಹಿಂದಿರುಗಲು. ಹೊಸ ಹಂಚಿಕೆಗೆ ಬೇಕಾಗುವುದು ಫೈಲ್ ನಕಲು. ಇವೆರಡರಲ್ಲಿ ಯಾವುದಾದರೂ ಒಂದು ಸಾಕು ಎನ್ನುವವರ ಜೊತೆ ನಾನು ಒಪ್ಪದಿರುವುದು ಇದಕ್ಕೇ.

ಮಂಗಳವಾರ

ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಬ್ಯಾಕಪ್ ಡಿಸ್ಕ್ ಕಳಚಿಟ್ಟು, ಅಳಿಸಿದೆ. ಈ ಸಲ ಎಕ್ಸ್‌ಟೆಂಡೆಡ್ ಪಾರ್ಟಿಷನ್ ವಿಂಡೋಸ್‌ನ ಪಕ್ಕದಿಂದ ಡಿಸ್ಕಿನ ಕೊನೆಯವರೆಗೂ ಚಾಚಿದೆ. ಅದರೊಳಗೆ ಮೊದಲು ಲಿನಕ್ಸ್‌ಗೆ 150 ಜಿಬಿ, ಉಳಿದದ್ದು ದಾಖಲೆಗಳಿಗೆ. ಮುಂದೆ ಬೆಳೆಯುವುದು ಲಿನಕ್ಸೇ. ಅದರ ಬಲಕ್ಕೆ ಸುಲಭವಾಗಿ ಖಾಲಿ ಮಾಡಬಲ್ಲ ಪಾರ್ಟಿಷನ್ ಇದ್ದರೆ ಕೊನೆಯನ್ನಷ್ಟೇ ಚಾಚಬಹುದು. ಪ್ರತ್ಯೇಕ ಸ್ವಾಪ್ ಪಾರ್ಟಿಷನ್ ಬಿಟ್ಟು ಸ್ವಾಪ್ ಫೈಲ್ ಇಟ್ಟೆ. ಆರಂಭಗಳೆಲ್ಲ 1 ಎಂಬಿಯ ಗುಣಕಗಳಲ್ಲಿವೆ.

ಅಳಿಸಿ ಬರೆಯಲು ಹಿಡಿದದ್ದು ಕೆಲವೇ ನಿಮಿಷ, ಫೈಲ್‌ಗಳನ್ನು ಮರಳಿ ಹಾಕಲು ಮಧ್ಯಾಹ್ನವೆಲ್ಲ. ಹೊಸ ಪಾರ್ಟಿಷನ್‌ಗೆ ಹೊಸ ಯುಯುಐಡಿ, ಆದ್ದರಿಂದ ಲಿನಕ್ಸ್ ಯಾವ ಪಾರ್ಟಿಷನ್ ತೆರೆಯಬೇಕೆಂಬ ಪಟ್ಟಿಯಾದ ಎಫ್‌ಎಸ್‌ಟ್ಯಾಬ್ ತಿದ್ದಿ, ಯಾವ ವ್ಯವಸ್ಥೆ ಏಳಬೇಕೆಂದು ಕೇಳುವ ಗ್ರಬ್ ಮರುಸ್ಥಾಪಿಸಿದೆ. ಗ್ರಬ್‌ನ ಮೆನು ಮತ್ತು ಉಳಿದ ಭಾಗಗಳು ಅಳಿಸಿದ ಲಿನಕ್ಸ್‌ನಲ್ಲೇ ಇದ್ದುದರಿಂದ, ಅದು ಮರುಸ್ಥಾಪನೆಯಾಗುವವರೆಗೂ ವಿಂಡೋಸ್ ಕೂಡ ಏಳುವುದಿಲ್ಲ. ಗಾಬರಿಗೆ ಕಾರಣವಿಲ್ಲ. ವಿಂಡೋಸ್‌ನಲ್ಲಿ ದಾಖಲೆಗಳ ಡ್ರೈವ್‌ಗೆ ಬೇರೆ ಅಕ್ಷರ ಬಂದಿತ್ತು. ಎಂಬಿಆರ್ ಡಿಸ್ಕಿನಲ್ಲಿ ವಿಂಡೋಸ್ ಡ್ರೈವ್ ಅಕ್ಷರವನ್ನು ನೆನಪಿಡುವುದು ಡಿಸ್ಕ್ ಸಹಿ ಮತ್ತು ಪಾರ್ಟಿಷನ್ ಶುರುವಾಗುವ ಸ್ಥಾನದಿಂದ, ಸ್ಥಾನ ಬದಲಾಗಿದೆ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಹಳೆಯ ಅಕ್ಷರವನ್ನೇ ಕೊಟ್ಟೆ, ಅಲ್ಲಿಗೆ ಶಾರ್ಟ್‌ಕಟ್‌ಗಳೆಲ್ಲ ಸರಿಹೋದವು.

ಉಳಿದಿರುವುದು ಒಂದು. ಲಿನಕ್ಸ್ ಏಳುವಾಗ ಅರ್ಧ ನಿಮಿಷ ಸುಮ್ಮನೆ ನಿಲ್ಲುತ್ತಿದೆ. ಹೈಬರ್ನೇಷನ್‌ನಿಂದ ಮರಳಲೆಂದು ಹಳೆಯ ಸ್ವಾಪ್‌ನ ಯುಯುಐಡಿಯನ್ನು ಹುಡುಕಿ ಕಾಯುತ್ತಿದೆ, ಆ ಪಾರ್ಟಿಷನ್ ಈಗಿಲ್ಲ. ಲಿನಕ್ಸ್ ಏಳುವಾಗ ಮೊದಲು ಓಡುವ ಇನಿಟ್‌ರ‍್ಯಾಮ್‌ಎಫ್‌ಎಸ್‌ನ ರೆಸ್ಯೂಮ್ ಸೆಟ್ಟಿಂಗ್‌ನಿಂದ ಆ ಸಾಲು ತೆಗೆದು ಮತ್ತೆ ಕಟ್ಟಿಸಬೇಕು. ಅದು ನಾಳೆ. ಹೊಸ ಹಂಚಿಕೆಯ ಡಂಪ್ ತೆಗೆದು, ಹಳೆಯ ಕಾಗದದ ಹಿಂಬದಿಗೆ ಮುದ್ರಿಸಿದ್ದಾಗಿದೆ.