ಹೆಸರು ಮಾತ್ರ ಬೇರೆ, ಉಳಿದದ್ದೆಲ್ಲ ಜೆರಾಕ್ಸ್

ಹಿರಿಯರ ಆರೈಕೆ ಕೇಂದ್ರಗಳಲ್ಲಿ ಫಿಸಿಯೋಥೆರಪಿ ಮಾಡಿಸುವುದು ನನ್ನ ಕೆಲಸ. ಎಷ್ಟೋ ಜನರ ಫೈಲಿನಲ್ಲಿ ಥೆರಪಿ ಪ್ಲಾನ್ ಅಂತ ಒಂದೇ ಸಾಲು ನೋಡಿದ್ದೇನೆ: ‘ಕೈಕಾಲು ವ್ಯಾಯಾಮ, ದಿನಕ್ಕೆ ಎರಡು ಸಲ’. ಪಾರ್ಶ್ವವಾಯು ಆದವರಿಗೂ ಅದೇ, ಸೊಂಟದ ಮೂಳೆ ಮುರಿದವರಿಗೂ ಅದೇ, ಮರೆವಿನ ಕಾಯಿಲೆ ಇರುವವರಿಗೂ ಅದೇ. ಇದನ್ನು ಪ್ಲಾನ್ ಅನ್ನೋಕಾಗುತ್ತಾ?

ಒಬ್ಬರು ಅಜ್ಜ ಇದ್ದರು. ಪಾರ್ಶ್ವವಾಯು ಆಗಿ ಎಡಗಡೆ ಬಲ ಕಡಿಮೆಯಾಗಿತ್ತು. ವ್ಯಾಯಾಮ ಅಂದರೆ ಮುಖ ತಿರುಗಿಸುತ್ತಿದ್ದರು, ಫೈಲಿನಲ್ಲಿ ‘ಸಹಕರಿಸುತ್ತಿಲ್ಲ’ ಅಂತ ಬರೆದಿತ್ತು. ಒಂದು ದಿನ ಸುಮ್ನೆ ಪಕ್ಕದಲ್ಲಿ ಕೂತು, ನಿಮಗೆ ಏನು ಮಾಡೋಕೆ ಆಗಬೇಕು ಅಂತ ಕೇಳಿದೆ. ‘ರಾತ್ರಿ ಬೆಡ್‌ಪ್ಯಾನ್ ಬೇಡಮ್ಮ, ನಾನೇ ಟಾಯ್ಲೆಟ್‌ಗೆ ಹೋಗಬೇಕು’ ಅಂದರು.

ಪ್ಲಾನ್ ಶುರುವಾಗಿದ್ದು ಅಲ್ಲಿಂದ. ಮಂಚದಿಂದ ಟಾಯ್ಲೆಟ್‌ಗೆ 12 ಹೆಜ್ಜೆ. ಮಗ್ಗುಲಾಗಿ ಎದ್ದು ಕೂರಬೇಕು, ನಿಲ್ಲಬೇಕು, ನಡೆಯಬೇಕು, ತಿರುಗಿ ಕೂರಬೇಕು, ಪೈಜಾಮ ಮೇಲೆಳೆದುಕೊಳ್ಳಬೇಕು, ಇಷ್ಟರಲ್ಲಿ ಅವರಿಗೆ ಎಲ್ಲಕ್ಕಿಂತ ಜಾಸ್ತಿ ಕಷ್ಟವಾಗುತ್ತಿದ್ದದ್ದು ನಿಲ್ಲುವುದು. ಪಾದ ಮುಂದೆ ಚಾಚಿ, ಬೆನ್ನು ನೆಟ್ಟಗಿಟ್ಟುಕೊಂಡೇ ಏಳಲು ನೋಡುತ್ತಿದ್ದರು. ಹಾಗೆ ನಮಗೂ ಏಳೋಕಾಗಲ್ಲ, ಬೇಕಾದರೆ ಮಾಡಿ ನೋಡಿ. ಪಾದ ಹಿಂದಕ್ಕೆಳೆದು, ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಮುಂದಕ್ಕೆ ಬಾಗಬೇಕು. ಮೊದಲು ಮಂಚ ಎತ್ತರಿಸಿದೆವು, ಆಮೇಲೆ ಸ್ವಲ್ಪ ಸ್ವಲ್ಪವೇ ಇಳಿಸಿದೆವು. ಗುರಿ ‘ನಡಿಗೆ ಸುಧಾರಿಸಬೇಕು’ ಅಂತಲ್ಲ. ‘4 ವಾರದಲ್ಲಿ, ಪಕ್ಕದಲ್ಲಿ ಒಬ್ಬರಿದ್ದರೆ, ಕೋಲು ಹಿಡಿದು ಟಾಯ್ಲೆಟ್‌ವರೆಗೆ’. ಹೀಗೆ ಬರೆದರೆ ಆಯ್ತೋ ಇಲ್ವೋ ಅಂತ ಯಾರು ಬೇಕಾದರೂ ಹೇಳಬಹುದು, ಅಲ್ವಾ?

ಒಂದು ತಪ್ಪು ನನ್ನಿಂದಲೇ ಆಯಿತು. ರಾತ್ರಿ ಪಾಳಿಯವರಿಗೆ ಇದನ್ನೆಲ್ಲ ಹೇಳಿರಲಿಲ್ಲ. ಹಗಲು ನಾವು ನಡೆಸುತ್ತಿದ್ದೆವು, ರಾತ್ರಿ ಪಾಳಿಯವರು ಅಜ್ಜ ಬಿದ್ದುಬಿಟ್ಟಾರು ಅನ್ನೋ ಭಯಕ್ಕೆ ಬೆಡ್‌ಪ್ಯಾನೇ ತರುತ್ತಿದ್ದರು. ಆಮೇಲೆ ಪಾಳಿ ಬದಲಾಗುವ ಹೊತ್ತಿಗೆ ನಿಂತು ತೋರಿಸಿದೆ: ಎಡಗಡೆ ನಿಲ್ಲಿ, ತೋಳು ಹಿಡಿದು ಎಳೆಯಬೇಡಿ, ಭುಜ ನೋಯುತ್ತೆ, ಮೊದಲು ಅವರೇ ಏಳಲಿ.

ಅಮೆರಿಕದ ನರ್ಸಿಂಗ್ ಹೋಮ್‌ಗಳಲ್ಲಿ ಸಿಬ್ಬಂದಿ ಮಾಡಿಸುವ ಇಂಥ ಅಭ್ಯಾಸ ದಿನಕ್ಕೆ ಕನಿಷ್ಠ 15 ನಿಮಿಷ ಆದರೆ ಮಾತ್ರ ದಾಖಲೆಯ ಲೆಕ್ಕಕ್ಕೆ ಬರುತ್ತದೆ, ಆದರೆ ಆ 15 ನಿಮಿಷವನ್ನು ಇಡೀ ದಿನಕ್ಕೆ ಹಂಚಬಹುದು. ಈ ಹಂಚುವ ಲೆಕ್ಕ ನನಗೆ ತುಂಬಾ ಇಷ್ಟ. ಗುಂಡಿ ಹಾಕಿಕೊಳ್ಳುವುದು, ಊಟಕ್ಕೆ ನಡೆದು ಹೋಗುವುದು, ಎಲ್ಲವೂ ಥೆರಪಿಯೇ.

4 ವಾರ ಆದಮೇಲೂ ತಿರುಗಿ ಕೂರುವಾಗ ಅಜ್ಜನಿಗೆ ಕೈ ಹಿಡಿಯಬೇಕಾಗುತ್ತಿತ್ತು. ಬಲಗಡೆ ಗೋಡೆಗೆ ಹಿಡಿಕೆ ಹಾಕಿಸಿ, ಪ್ಲಾನಿನಲ್ಲಿ ಇನ್ನೆರಡು ವಾರ ಸೇರಿಸಿದೆವು. ಆರನೇ ವಾರ ರಾತ್ರಿ ಪಾಳಿಯ ಪುಸ್ತಕದಲ್ಲಿ ಒಂದು ಸಾಲಿತ್ತು: ‘2:40ಕ್ಕೆ ಟಾಯ್ಲೆಟ್‌ಗೆ ಹೋಗಿ ಬಂದರು. ನಾನು ಪಕ್ಕದಲ್ಲಿದ್ದೆ ಅಷ್ಟೆ.’