ಮರುವಾಯಿ ನೀರು

5 ಫೆಬ್ರವರಿ 2025, ಬುಧವಾರ
ಮಂಗಳೂರು, ರಾತ್ರಿ 10.40

ನಿನ್ನೆ ರಥಸಪ್ತಮಿ. ರಥಬೀದಿಯಲ್ಲಿ ಕೊಡಿಯಾಲ್ ತೇರು, ಮನೆಯಲ್ಲಿ ಮೀನಿಲ್ಲ. ಮೊನ್ನೆ ಸೋಮವಾರ, ಅವತ್ತೂ ಅಮ್ಮ ಮೀನು ಮುಟ್ಟುವುದಿಲ್ಲ. ಎರಡು ದಿನ ಬರೀ ತರಕಾರಿ ಸಾಂಬಾರು ಉಂಡು ನಾಲಿಗೆ ಸಪ್ಪೆಯಾಗಿತ್ತು. ಇವತ್ತು ಬೆಳಿಗ್ಗೆ ಏಳಕ್ಕೇ ರಸ್ತೆ ತಿರುವಿನಲ್ಲಿ ಬುಟ್ಟಿ ಇಟ್ಟುಕೊಂಡು ಕೂರುವ ಅಕ್ಕನ ಮುಂದೆ ನಾನೇ ಮೊದಲ ಗಿರಾಕಿ.

ಬಂಗುಡೆ ಇತ್ತು. ಸ್ವಲ್ಪ ಸಿಗಡಿ ಇತ್ತು. ಪಕ್ಕದಲ್ಲಿ ಒದ್ದೆ ಗೋಣಿ ಹೊದ್ದುಕೊಂಡ ಸಣ್ಣ ಬುಟ್ಟಿ. "ಅಣ್ಣೆರೆ, ಮರ್ವಾಯಿ ಬೋಡಾ?" ಅಂತ ತುಳುವಿನಲ್ಲಿ ಕೇಳಿ ಗೋಣಿ ಸರಿಸಿದರು. ಮರುವಾಯಿ ಬೇಕಾ ಅಂತ, ಎರಡು ಚಿಪ್ಪಿನ ನಡುವೆ ಮಾಂಸ ಇರುತ್ತದಲ್ಲ, ಅದು. ಗುರುಪುರ ಹೊಳೆಯದಂತೆ. ನೀರು ಇಳಿದ ಹೊತ್ತಲ್ಲಿ ಮರಳಿನಲ್ಲಿ ಕಾಲಾಡಿಸಿ ಹೆಕ್ಕಿದ್ದು. ನೂರು ಲೆಕ್ಕ ಮಾಡಿ ಹಾಕಿ, ಮೇಲೆ ನಾಲ್ಕು ಹೆಚ್ಚಿಗೆ ಎಸೆದರು. ಕಾಲು ಕಿಲೋ ಸಿಗಡಿಯನ್ನೂ ತೆಗೆದುಕೊಂಡೆ. ಬಂಗುಡೆಯನ್ನು ಸುಮ್ನೆ ನೋಡಿ ಬಿಟ್ಟುಬಂದೆ. ಅಮ್ಮ ಈ ವಿಷಯ ಇನ್ನೂ ಎರಡು ದಿನ ಹೇಳುತ್ತಿರುತ್ತಾಳೆ.

ಹೆಂಡತಿ ಟ್ರೈನಿಂಗ್ ಅಂತ ಶುಕ್ರವಾರದವರೆಗೆ ಬೆಂಗಳೂರಿನಲ್ಲಿ. ಮನೆಯಲ್ಲಿ ನಾನು, ಕುಂದಾಪುರದಿಂದ ಬಂದಿರುವ ಅಮ್ಮ, ಎಂಟನೇ ಕ್ಲಾಸಿನ ಮಗಳು. ಮಗಳದ್ದು ಎರಡು ದಿನದಿಂದ ಒಂದೇ ಹಟ, ಪಾಸ್ತಾ. ಅವಳ ಮನಸ್ಸಿನಲ್ಲಿ ಇದ್ದದ್ದು ಕ್ರೀಮು, ಚೀಸು ಸುರಿದ ಬಿಳಿ ಪಾಸ್ತಾ. ನನ್ನ ಮನಸ್ಸಿನಲ್ಲಿ ಇದ್ದದ್ದು ಮರುವಾಯಿ.

ಮರುವಾಯಿ ಹಾಕಿದ ಪಾಸ್ತಾವನ್ನು ದೀಪಾವಳಿ ರಜೆಯಲ್ಲಿ ಒಮ್ಮೆ ಮಾಡಲು ಹೋಗಿ ಕೆಟ್ಟಿದ್ದೆ. ಮೂರು ತಪ್ಪು ಮಾಡಿದ್ದೆ. ಮರುವಾಯಿಯನ್ನು ನಲ್ಲಿ ನೀರಲ್ಲಿ ತೊಳೆದು ನೇರ ಬಾಣಲೆಗೆ ಹಾಕಿದ್ದೆ, ತುತ್ತು ತುತ್ತಿಗೂ ಮರಳು ಕರಕರ. ನೂಡಲ್ಸ್‌ಗೆ ಮಾಡುವ ಹಾಗೆ ಬೆಂದ ಸ್ಪಾಗೆಟ್ಟಿಗೆ ತಣ್ಣೀರು ಹಾಕಿ ಜಾಲಾಡಿದ್ದೆ, ರಸ ಒಂದು ಕಡೆ, ಎಳೆ ಒಂದು ಕಡೆ. ಪಾಸ್ತಾ ಬೇಯುವ ನೀರು ಸಮುದ್ರದಷ್ಟು ಉಪ್ಪಿರಬೇಕು ಅಂತ ಎಲ್ಲೋ ಓದಿ ಹಾಗೇ ಮಾಡಿದ್ದೆ. ಮರುವಾಯಿಯೊಳಗೇ ಉಪ್ಪುನೀರು ಇರುತ್ತದೆ ಅಂತ ಹೊಳೆಯಲೇ ಇಲ್ಲ. ಆ ರಾತ್ರಿ ಮೂವರೂ ಮೊಸರನ್ನ ತಿಂದು ಮಲಗಿದೆವು.

ಆಮೇಲೆ ಗೆಳೆಯನೊಬ್ಬನಿಗೆ ಫೋನ್ ಮಾಡಿದ್ದೆ. ಹಡಗಿನ ಅಡುಗೆಮನೆಯಲ್ಲಿ ಎಂಟು ವರ್ಷ ದುಡಿದವನು. ಅವನು ಮೊದಲು ಚೆನ್ನಾಗಿ ನಕ್ಕ. ನಂತರ ಹೇಳಿದ, ಇದು ನೇಪಲ್ಸ್ ಕಡೆಯ ಅಡುಗೆ, ಹೆಸರು ಸ್ಪಾಗೆಟ್ಟಿ ಅಲ್ಲೆ ವೊಂಗೊಲೆ. ವೊಂಗೊಲೆ ಅಂದರೆ ಮರುವಾಯಿ ಜಾತಿಯದ್ದೇ. ಅಲ್ಲಿ ಕ್ರಿಸ್‌ಮಸ್ ಹಿಂದಿನ ರಾತ್ರಿ ಮಾಂಸ ತಿನ್ನುವ ರೂಢಿಯಿಲ್ಲ, ಆಗ ಎಷ್ಟೋ ಮನೆಗಳಲ್ಲಿ ಇದೇ ಊಟ. ಟೊಮೆಟೊ ಹಾಕದ್ದು ಬಿಳಿ, ಸ್ವಲ್ಪ ಹಾಕಿದ್ದು ಕೆಂಪು. ಬಿಳಿಯದಕ್ಕೆ ಬೇಕಾದ್ದು ಬೆಳ್ಳುಳ್ಳಿ, ಆಲಿವ್ ಎಣ್ಣೆ, ಒಣಮೆಣಸು, ಪಾರ್ಸ್ಲಿ ಸೊಪ್ಪು, ಒಂದಿಷ್ಟು ಬಿಳಿ ವೈನ್, ಅಷ್ಟೇ. "ಚೀಸ್ ಹಾಕಿದರೆ ನನ್ನ ಹತ್ತಿರ ಮಾತಾಡಬೇಡ" ಅಂದ. ಕೊನೆಗೆ ಒಂದು ಮಾತು, "ಮರುವಾಯಿ ಬಾಯಿಬಿಟ್ಟಾಗ ಬರುವ ನೀರಿದೆಯಲ್ಲ, ಅದೇ ನಿನ್ನ ಸಾಸ್. ಬೇರೆ ಸಾಸ್ ಹುಡುಕಬೇಡ."

ಇಂಥ ಮಾತು ಕೇಳಲು ನಾನು ಹಡಗಿನವನಿಗೆ ಫೋನ್ ಮಾಡಬೇಕಿತ್ತಾ? ಅಮ್ಮ ಮರುವಾಯಿಯನ್ನು ಮೆಟ್ಟುಕತ್ತಿಯಲ್ಲಿ ಸೀಳುವಾಗ ಯಾವಾಗಲೂ ಕೆಳಗೊಂದು ಪಾತ್ರೆ ಇಡುತ್ತಾಳೆ. ಮಾಂಸ ಅಂಟಿದ ಚಿಪ್ಪು ಒಂದು ಕಡೆ, ಖಾಲಿ ಚಿಪ್ಪು ಕಸಕ್ಕೆ, ನೀರು ಪಾತ್ರೆಗೆ. ಆ ನೀರನ್ನು ಸೋಸಿ ಸುಕ್ಕಕ್ಕೆ, ಅಂದರೆ ಕಾಯಿ ಮಸಾಲೆಯ ಒಣ ಪಲ್ಯಕ್ಕೆ, ಹಾಕುತ್ತಾಳೆ. ಚಿಕ್ಕವನಿದ್ದಾಗ ಒಮ್ಮೆ ಕೈತಪ್ಪಿ ಆ ಪಾತ್ರೆ ಉರುಳಿಸಿ ಬೈಸಿಕೊಂಡಿದ್ದೇನೆ. ಮೀನು ಉರುಳಿಸಿದ್ದರೂ ಅಷ್ಟು ಬೈಯುತ್ತಿರಲಿಲ್ಲವೇನೋ.

ಬೆಳಿಗ್ಗೆ ಆಫೀಸಿಗೆ ಹೋಗುವ ಮೊದಲೇ ಮರಳಿನ ಕೆಲಸ ಮುಗಿಸಿದೆ. ಒಂದು ಲೀಟರ್ ನೀರಿಗೆ ಸುಮಾರು 30 ಗ್ರಾಂ ಕಲ್ಲುಪ್ಪು. ಅದರಲ್ಲಿ ಮರುವಾಯಿ ಮುಳುಗಿಸಿ, ಮೇಲೆ ತಟ್ಟೆ ಮುಚ್ಚಿ ಕತ್ತಲು ಮಾಡಿಟ್ಟೆ. ಸಿಹಿನೀರಾದರೆ ಅವು ಬಾಯಿ ಮುಚ್ಚಿ ಕೂತುಬಿಡುತ್ತವೆ. ಉಪ್ಪುನೀರಾದರೆ ಮೆಲ್ಲಗೆ ಬಾಯಿ ತೆರೆದು ಮರಳು ಉಗುಳುತ್ತವೆ. ಒಂದು ಗಂಟೆ ಬಿಟ್ಟು ನೋಡಿದರೆ ತಳದಲ್ಲಿ ಒಂದು ಪದರ ಮರಳು. ನೀರು ಬಗ್ಗಿಸಬಾರದು, ಕೈಯಲ್ಲೇ ಮೇಲೆತ್ತಬೇಕು. ಬಗ್ಗಿಸಿದರೆ ಉಗುಳಿದ ಮರಳೆಲ್ಲ ಮತ್ತೆ ಅವುಗಳ ತಲೆಯ ಮೇಲೆಯೇ ಬೀಳುತ್ತದೆ. ತೆಗೆದು ಒದ್ದೆ ಬಟ್ಟೆ ಹೊದಿಸಿ ಫ್ರಿಜ್ಜಿನಲ್ಲಿಟ್ಟು ಹೋದೆ. ಸಿಗಡಿ ಬಿಡಿಸುವ ಕೆಲಸ ಅಮ್ಮನದ್ದು. "ತಲೆ, ಚಿಪ್ಪು ಬಿಸಾಡಬೇಡ" ಅಂತ ಬಾಗಿಲಿನಿಂದಲೇ ಕೂಗಿ ಹೇಳಿದೆ. ಅವಳು ಎಂದಾದರೂ ಬಿಸಾಡಿದ್ದಿದ್ದರೆ ತಾನೇ!

ಸಂಜೆ ಮನೆ ಸೇರಿದಾಗ 7.20. ಒಂದು ಒಲೆಯಲ್ಲಿ ನೀರು, ಇನ್ನೊಂದರಲ್ಲಿ ಸಿಗಡಿ ತಲೆ. ತಲೆ, ಚಿಪ್ಪುಗಳನ್ನು ಸ್ವಲ್ಪ ಎಣ್ಣೆಯಲ್ಲಿ ಕೆಂಪಾಗುವ ತನಕ ಹುರಿದು, ಸೌಟಿನ ಹಿಂಬದಿಯಿಂದ ಜಜ್ಜಿ, ಎರಡು ಲೋಟ ನೀರು ಹಾಕಿ ಹತ್ತು ನಿಮಿಷ ಕುದಿಸಿ ಸೋಸಿದೆ. ಕಿತ್ತಳೆ ಬಣ್ಣದ ರಸ. ವಾಸನೆಗೆ ಪಕ್ಕದ ಮನೆ ಬೆಕ್ಕು ಕಿಟಕಿಗೆ ಬಂತು.

ಅರ್ಧ ಕಿಲೋ ಪ್ಯಾಕೆಟ್ಟಿನಲ್ಲಿ ಅರ್ಧ, ಅಂದರೆ 250 ಗ್ರಾಂ ಸ್ಪಾಗೆಟ್ಟಿ. ಮಗಳು ಅದನ್ನು ನಡುವೆ ಮುರಿಯಲು ಹೊರಟಳು. ಇಟಲಿಯವರು ನೋಡಿದರೆ ಅಳುತ್ತಾರೆ ಅಂದೆ. "ನಮ್ಮನೇಲಿ ಯಾರೂ ಇಟಲಿಯವರಿಲ್ಲ ಅಪ್ಪ" ಅಂದಳು. ಆದರೂ ಮುರಿಯಲಿಲ್ಲ. ತಪ್ಪಲೆಯಲ್ಲಿ ನಿಲ್ಲಿಸಿದರೆ ಅರ್ಧ ನಿಮಿಷದಲ್ಲಿ ತಾವೇ ಬಾಗಿ ಮುಳುಗುತ್ತವೆ. ನೀರು ಕಡಿಮೆಯೇ ಇಟ್ಟೆ, ಎರಡು ಲೀಟರ್. ಉಪ್ಪು ಬರೀ ಒಂದು ಚಮಚ.

ಬೆಳ್ಳುಳ್ಳಿ ಮೊದಲ ಸಲ ಕರಟಿಹೋಯಿತು. ಆಫೀಸಿನಿಂದ ಫೋನು, ಎರಡು ನಿಮಿಷ ಆಚೆ ಹೋಗಿದ್ದೆ. ಕರಟಿದ ಬೆಳ್ಳುಳ್ಳಿಯನ್ನು ಏನು ಮಾಡಿದರೂ ಕಹಿ ಹೋಗುವುದಿಲ್ಲ. ಎಣ್ಣೆ ಸಮೇತ ಚೆಲ್ಲಿದೆ. ಆಲಿವ್ ಎಣ್ಣೆಯ ಬೆಲೆ ನೆನೆದು ಹೊಟ್ಟೆ ಉರಿಯಿತು.

ಎರಡನೇ ಸಲ ಫೋನ್ ಮಗಳ ಕೈಗೆ ಕೊಟ್ಟೆ. ಮೊದಲು ಬೇರೆ ಬಾಣಲೆ ಚೆನ್ನಾಗಿ ಕಾಯಿಸಿ ಮರುವಾಯಿ ಸುರಿದು ಮುಚ್ಚಳ ಮುಚ್ಚಿದೆ. ಒಳಗೆ ಟಕ್ ಟಕ್ ಸದ್ದು. ಮೂರು ನಾಲ್ಕು ನಿಮಿಷಕ್ಕೆ ಹೆಚ್ಚಿನವು ಬಾಯಿಬಿಟ್ಟಿದ್ದವು. ಬಿಡದೇ ಇದ್ದ ಐದನ್ನು ಎಸೆದೆ. ಅಂಥದ್ದನ್ನು ಬಲವಂತವಾಗಿ ಬಿಡಿಸಿ ತಿನ್ನಬಾರದು. ತಳದಲ್ಲಿ ಒಂದೂವರೆ ಲೋಟದಷ್ಟು ನೀರು, ಅಕ್ಕಿ ತೊಳೆದ ನೀರಿನ ಹಾಗೆ ಮಬ್ಬು. ಬಟ್ಟೆಯಲ್ಲಿ ಸೋಸಿದೆ. ಅರ್ಧದಷ್ಟು ಖಾಲಿ ಚಿಪ್ಪುಗಳನ್ನು ಅಮ್ಮ ಬಂದು ಹೆಕ್ಕಿ ತೆಗೆದಳು. ತಟ್ಟೆ ತುಂಬ ಚಿಪ್ಪೇ ಇದ್ದರೆ ಉಣ್ಣುವುದು ಹೇಗೆ ಅಂತ ಅವಳ ಪ್ರಶ್ನೆ. ನ್ಯಾಯವೇ.

ಬೆಳ್ಳುಳ್ಳಿ ಎಂಟು ಎಸಳು, ತೆಳುವಾಗಿ ಹೆಚ್ಚಿದ್ದು, ಸಣ್ಣ ಉರಿಯಲ್ಲಿ. ಮುರಿದ ಒಣಮೆಣಸು ಎರಡು. ವೈನ್ ನಮ್ಮ ಅಡುಗೆಮನೆಗೆ ಬರುವುದಿಲ್ಲ, ಅಮ್ಮ ಇರುವಾಗಂತೂ ಇಲ್ಲ. ಹಿತ್ತಲಿನ ಹುಳಿ ಕಾಯಿ, ಬಿಂಬುಳಿ, ಎರಡು ಕೊಯ್ದು ಬಿಲ್ಲೆ ಮಾಡಿ ಹಾಕಿದೆ. ಇದು ನನ್ನದೇ ಕಿತಾಪತಿ. ಲಿಂಬೆಯನ್ನು ಒಲೆ ಆರಿಸಿದ ಮೇಲೇ ಹಿಂಡಬೇಕು, ಬೇಯಿಸಿದರೆ ಒಗರು. ಬಿಂಬುಳಿ ಹಾಗಲ್ಲ, ಬೇಯುತ್ತ ಕರಗಿ ರಸಕ್ಕೆ ಹುಳಿ ಬಿಡುತ್ತದೆ. ಮೇಲೆ ಮರುವಾಯಿ ನೀರು ಒಂದು ಲೋಟ, ಸಿಗಡಿ ರಸ ಅರ್ಧ ಲೋಟ. ಅದು ಕುದಿದು ಅರ್ಧಕ್ಕೆ ಇಳಿದ ಮೇಲೆ ಸಿಗಡಿ. ಸಿಗಡಿಗೆ ಎರಡು ನಿಮಿಷ ಸಾಕು. ಕುಡುಗೋಲಿನ ಹಾಗೆ ಬಾಗಿದಾಗ ತೆಗೆಯಬೇಕು. ಉಂಗುರದ ಹಾಗೆ ಸುತ್ತಿಕೊಂಡಿತೋ, ರಬ್ಬರು.

ಪ್ಯಾಕೆಟ್ಟಿನಲ್ಲಿ 9 ನಿಮಿಷ ಅಂತ ಬರೆದಿತ್ತು. ಏಳಕ್ಕೇ ಎತ್ತಿ ಬಾಣಲೆಗೆ ಹಾಕಿದೆ. ಉಳಿದ ಎರಡು ನಿಮಿಷ ಅದು ರಸದಲ್ಲಿ ಬೇಯಬೇಕು, ರಸ ಕುಡಿಯಬೇಕು. ಜೊತೆಗೆ ಪಾಸ್ತಾ ಬೆಂದ ನೀರು ಒಂದು ಸೌಟು. ಇಲ್ಲೇ ಅಮ್ಮ ತಡೆದಳು.

"ಇದೆಂತ ಮಗಾ, ಗಂಜಿ ತೆಳಿ ಹಾಕುದಾ?"

ಹೌದಲ್ವಾ! ಗಂಜಿ ತಿಳಿಯೇ ಅದು. ಗೋಧಿಯ ಪಿಷ್ಟ ನೀರಿಗೆ ಬಿಟ್ಟಿರುತ್ತದೆ. ಎಣ್ಣೆ, ನೀರು ತಾವಾಗಿ ಬೆರೆಯುವುದಿಲ್ಲ. ನಡುವೆ ಈ ತಿಳಿ ಇದ್ದರೆ ಎರಡೂ ಸೇರಿ ದಪ್ಪಗಾಗಿ ಎಳೆಗೆ ಅಂಟುತ್ತವೆ. ನೀರು ಕಡಿಮೆ ಇಟ್ಟದ್ದು ಇದಕ್ಕೇ, ತಿಳಿ ಗಟ್ಟಿಯಾಗಲಿ ಅಂತ. ದೀಪಾವಳಿಯಲ್ಲಿ ನಾನು ತೊಳೆದು ಮೋರಿಗೆ ಬಿಟ್ಟದ್ದು ಇದನ್ನೇ. ಬಾಣಲೆ ಹಿಡಿದು ಜೋರಾಗಿ ಕುಲುಕಿದೆ. ಹತ್ತಿಪ್ಪತ್ತು ಸಲ ಕುಲುಕುವಷ್ಟರಲ್ಲಿ ತೆಳ್ಳಗಿದ್ದ ರಸ ಹಾಲಿನ ಹಾಗೆ ಬೆಳ್ಳಗಾಗಿ ಎಳೆ ಎಳೆಗೆ ಹತ್ತಿಕೊಂಡಿತು. "ಕ್ರೀಮ್ ಹಾಕಿದ್ರಾ ಅಪ್ಪ?" ಅಂದಳು ಮಗಳು. ನಾನು ಇಲ್ಲ ಅನ್ನಲಿಲ್ಲ.

ಮರುವಾಯಿ ವಾಪಸ್ ಹಾಕಿ, ಹಸಿ ಆಲಿವ್ ಎಣ್ಣೆ ಒಂದು ಚಮಚ ಸುರಿದು ಒಲೆ ಆರಿಸಿದೆ. ಪಾರ್ಸ್ಲಿ ಇರಲಿಲ್ಲ. ಕೊತ್ತಂಬರಿ ದಂಟು ಸಣ್ಣಗೆ ಹೆಚ್ಚಿ ಉದುರಿಸಿದೆ. ಎಲೆ ಹಾಕಿದರೆ ಭೇಲ್‌ಪುರಿ ವಾಸನೆ ಬಂದುಬಿಡುತ್ತದೆ. ಅಮ್ಮ ಕರಿಬೇವಿನ ಎಸಳು ಹಿಡಿದು ನಿಂತಿದ್ದಳು. ಕೊಡಲಿಲ್ಲ ಜಾಗ.

"ಕಾಯಿ ಇಲ್ಯಾ? ಮಸಾಲಿ ಇಲ್ಯಾ?" ಅಂತ ಗೊಣಗಿಕೊಂಡೇ ಕೂತಳು. 8.05ಕ್ಕೆ ಊಟ. ಉಪ್ಪು ಒಂದು ಕಲ್ಲು ಕಡಿಮೆ ಇತ್ತು, ಜಾಸ್ತಿ ಆಗುವುದಕ್ಕಿಂತ ವಾಸಿ. ಮಗಳು ಫೋರ್ಕಿನಲ್ಲಿ ಸುತ್ತಿದಳು. ಅಮ್ಮ ಕೈಯಲ್ಲೇ, ಒತ್ತು ಶ್ಯಾವಿಗೆ ತಿನ್ನುವ ಹಾಗೆ ಹಿಡಿ ಹಿಡಿ. ಅಕ್ಕಿಯದ್ದಾಗಿದ್ದರೆ ಹಲ್ಲಿಗೆ ಸುಲಭ ಇತ್ತು ಅಂದಳು. ಚಿಪ್ಪನ್ನು ಮಾತ್ರ ಒಂದೊಂದನ್ನೂ ಎತ್ತಿ ರಸ ಹೀರಿ ಬದಿಗಿಟ್ಟಳು. ಕುಂದಾಪುರದ ಪಂಚಗಂಗಾವಳಿ ಹೊಳೆಯಲ್ಲಿ ನೀರಿಳಿದಾಗ ಅಕ್ಕತಂಗಿಯರೆಲ್ಲ ಲಂಗ ಎತ್ತಿ ಕಟ್ಟಿ ಹೆಕ್ಕಲು ಹೋಗುತ್ತಿದ್ದದ್ದು, ಕಾಲು ಕೊಯ್ದುಕೊಂಡು ಬಂದು ಬೈಸಿಕೊಂಡದ್ದು, ಎಲ್ಲ ಹೊರಗೆ ಬಂತು. ಮಗಳು ಫೋನ್ ಕೆಳಗಿಟ್ಟು ಕೇಳಿದಳು. ಅಪರೂಪ. ತಟ್ಟೆಯಲ್ಲಿ ಏನೂ ಉಳಿಯಲಿಲ್ಲ. ಚೆನ್ನಾಗಿತ್ತಾ ಅಂತ ಅಮ್ಮನನ್ನು ಕೇಳಿದೆ. "ತಿನ್ಲಕ್ಕ್" ಅಂದಳು, ತಿನ್ನಬಹುದು ಅಂತ. ಕುಂದಾಪುರದ ಲೆಕ್ಕದಲ್ಲಿ ಅದು ದೊಡ್ಡ ಮಾತೇ.

ಪಾತ್ರೆ ತೊಳೆಯಲು ಹೋದಾಗ ನೋಡಿದೆ, ಉಳಿದ ಮರುವಾಯಿ ನೀರೂ ಇಲ್ಲ, ಸಿಗಡಿ ರಸವೂ ಇಲ್ಲ. ಫ್ರಿಜ್ ತೆಗೆದರೆ ಎರಡನ್ನೂ ಒಂದೇ ಸ್ಟೀಲ್ ಪಾತ್ರೆಗೆ ಸುರಿದು ತಟ್ಟೆ ಮುಚ್ಚಿಟ್ಟಿದ್ದಾಳೆ. ಪಕ್ಕದಲ್ಲಿ ಪೇಪರಿನಲ್ಲಿ ಸುತ್ತಿದ ಬಸಳೆ ಕಟ್ಟು.

"ನಾಳಿಗೆ" ಅಂದಳು ಒಳಗಿಂದಲೇ, ನಾನು ಇನ್ನೂ ಕೇಳುವ ಮೊದಲೇ.